ಕಷ್ಟದ ಆಟಕ್ಕೆ ಕೊಟ್ಟ ಕಾಲ



ಈ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಇದುವರೆಗೆ ಹೆಚ್ಚಾಗಿ ಕಾವ್ಯ, ನಾಟಕ, ಕಾದಂಬರಿಗಳ ಚರ್ಚೆ ನಡೆದಿದೆ. ವಿಡಿಯೊ ಗೇಮ್ ಕುರಿತು ಮಾತಾಡಲು ಒಪ್ಪಿಗೆ ಕೊಟ್ಟ ಸಂಘಟಕರಿಗೆ ನಾನು ಋಣಿ. ನಾನು ಸಾಹಿತ್ಯದ ಪಾಠ ಹೇಳುವವನು. ಒಂದು ಕೃತಿ ನಮ್ಮಿಂದ ಏನನ್ನು ಬೇಡುತ್ತದೆ, ಬೇಡಿದ್ದಕ್ಕೆ ಪ್ರತಿಯಾಗಿ ಏನು ಕೊಡುತ್ತದೆ ಎಂದು ತರಗತಿಯಲ್ಲಿ ಕೇಳುತ್ತಲೇ ಇರುತ್ತೇನೆ. ಅದೇ ಪ್ರಶ್ನೆಯನ್ನು ಇವತ್ತು ಆಟಗಳ ಮುಂದಿಡುತ್ತೇನೆ. ಮುಗಿಸಲು ಅರವತ್ತು, ಎಂಬತ್ತು, ನೂರು ಗಂಟೆ ಬೇಡುವ, ಹೆಜ್ಜೆಹೆಜ್ಜೆಗೂ ಸೋಲಿಸುವ ಬೃಹತ್ ಆಟಗಳಿಗೆ ದುಡಿದು ಬಾಳುವ ಮನುಷ್ಯ ತನ್ನ ಬಿಡುವನ್ನು ಕೊಡಬಹುದೇ?

ಕೊಡಬಹುದು ಎಂಬುದು ನನ್ನ ಉತ್ತರ. ಆದರೆ ಎಲ್ಲ ಆಟಕ್ಕೂ ಅಲ್ಲ, ಕೊನೆಯವರೆಗೂ ಅಲ್ಲ, ಯಾರದೋ ಪಾಲಿನ ಸಮಯವನ್ನು ಕಿತ್ತುಕೊಂಡಂತೂ ಅಲ್ಲ.

ಆಟಗಳನ್ನು ಒಟ್ಟಾಗಿ ಹಿಡಿದು ಮಾತಾಡಿದರೆ ಏನೂ ಕೈಗೆ ಸಿಗುವುದಿಲ್ಲ. ಹಾಗಾಗಿ ಒಂದನ್ನೇ ಆರಿಸಿಕೊಂಡಿದ್ದೇನೆ: 2022ರ ಫೆಬ್ರುವರಿ 25ರಂದು ಹೊರಬಂದ 'ಎಲ್ಡನ್ ರಿಂಗ್'. ತಯಾರಿಸಿದ್ದು ಟೋಕಿಯೊದ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿದೆತಾಕ ಮಿಯಾಝಾಕಿ. ಆಟದ ಲೋಕದ ಪುರಾಣವನ್ನು, ಅಂದರೆ ನಾವು ಒಳಗೆ ಕಾಲಿಡುವ ಮೊದಲು ಅಲ್ಲಿ ನಡೆದುಹೋದದ್ದನ್ನು, ಬರೆದುಕೊಟ್ಟವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಆ ವರ್ಷದ 'ದ ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಇದಕ್ಕೇ ಬಂತು. 2024ರ ಹೊತ್ತಿಗೆ 2.5 ಕೋಟಿ ಪ್ರತಿ ಮಾರಾಟವಾಗಿತ್ತು. ಇಷ್ಟು ಜನ ಕೊಂಡ ಆಟದಲ್ಲಿ ಸುಲಭ, ಮಧ್ಯಮ, ಕಠಿಣ ಎಂದು ಆರಿಸಿಕೊಳ್ಳುವ ಸೌಲಭ್ಯವೇ ಇಲ್ಲ. ಎಲ್ಲರಿಗೂ ಒಂದೇ ಮಟ್ಟ, ಅದೂ ಕಠಿಣ. ಮುಖ್ಯ ಕಥೆಯನ್ನಷ್ಟೇ ಹಿಡಿದು ನಡೆದರೂ ಸುಮಾರು 60 ಗಂಟೆ ಬೇಕು. ಮೂಲೆಮೂಲೆ ನೋಡುವವರಿಗೆ ಅದು ನೂರು ದಾಟುತ್ತದೆ. ದಿನಕ್ಕೊಂದು ಗಂಟೆಯಂತೆ ಆಡಿದರೆ ಎರಡರಿಂದ ಮೂರೂವರೆ ತಿಂಗಳು.

ಇಲ್ಲಿ ಕುಳಿತಿರುವ ಎಲ್ಲರೂ ಆಡಿದವರಲ್ಲ, ಆದ್ದರಿಂದ ಮೊದಲ ಕೆಲವು ನಿಮಿಷಗಳನ್ನು ಹೇಳುತ್ತೇನೆ. ನೆಲದಡಿಯ ಕತ್ತಲಿಂದ ಬಾಗಿಲು ತಳ್ಳಿ ಹೊರಬಂದರೆ ಲಿಮ್‌ಗ್ರೇವ್ ಎಂಬ ಹುಲ್ಲುಗಾಡು. ದೂರದಲ್ಲಿ ಅರ್ಧ ಆಕಾಶವನ್ನೇ ತುಂಬಿಕೊಂಡ ಹೊಂಬಣ್ಣದ ಮರ. ಎದುರಿನ ಹಾದಿಯಲ್ಲಿ ಚಿನ್ನದ ಕವಚ ತೊಟ್ಟ ಸವಾರನೊಬ್ಬ, ಅಂಥದೇ ಕವಚ ತೊಡಿಸಿದ ಕುದುರೆಯ ಮೇಲೆ, ಉದ್ದ ಹಿಡಿಯ ಕೊಡಲಿಯಂಥ ಆಯುಧ ಹಿಡಿದು ಗಸ್ತು ತಿರುಗುತ್ತಿರುತ್ತಾನೆ. ಹೆಸರು ಟ್ರೀ ಸೆಂಟಿನೆಲ್. ಬೇರೆ ಆಟಗಳಲ್ಲಿ ಪಳಗಿದವರು ನೇರ ಅವನ ಮೇಲೆ ಹೋಗುತ್ತಾರೆ, ಎದುರಿಗೆ ಇಟ್ಟದ್ದನ್ನು ಹೊಡೆಯಬೇಕು ಎಂಬುದೇ ಅವರಿಗಿರುವ ಅಭ್ಯಾಸ. ಎರಡು ಏಟಿಗೆ ಸಾಯುತ್ತಾರೆ. ಮತ್ತೆ ಹೋಗುತ್ತಾರೆ, ಮತ್ತೆ ಸಾಯುತ್ತಾರೆ. ಕೆಲವರು ಅಲ್ಲಿಗೇ ಆಟ ಕೈಬಿಟ್ಟಿದ್ದೂ ಉಂಟು.

ಅವನನ್ನು ಈಗ ಎದುರಿಸಬೇಕಾಗಿಲ್ಲ ಎಂದು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಪೊದೆಯ ಮರೆಯಲ್ಲಿ ಸುತ್ತಿ ಹೋದರೆ ಪಾಳುಬಿದ್ದ ಚರ್ಚು ಸಿಗುತ್ತದೆ, ಅಲ್ಲಿ ಬೆಂಕಿ ಹಾಕಿಕೊಂಡು ಕೂತ ವ್ಯಾಪಾರಿ ಸಿಗುತ್ತಾನೆ. ಇನ್ನಷ್ಟು ದೂರ ಹೋದ ಮೇಲೆ ಏರಿ ಓಡಲು ಟೊರೆಂಟ್ ಎಂಬ ಕೊಂಬಿನ ಕುದುರೆ ಒಲಿಯುತ್ತದೆ. ಹತ್ತಾರು ಗಂಟೆ ಅಲೆದು, ಬಲಿತು, ಕುದುರೆಯೇರಿ ಹಿಂದಿರುಗಿದಾಗ ಅದೇ ಸವಾರ ಇನ್ನೂ ಅಲ್ಲೇ ಗಸ್ತು ತಿರುಗುತ್ತಿದ್ದಾನೆ, ಈಗ ಅವನಿಗೆ ನಾವು ಸಾಟಿ. ಈ ಬಗೆಯ ಆಟದ ತಿರುಳು ನನ್ನ ಪ್ರಕಾರ ಇಲ್ಲಿದೆ. ಕಷ್ಟ ಎದುರಾದಾಗ ಬೇರೆ ದಿಕ್ಕಿಗೆ ಹೋಗಲು ಜಾಗವಿದೆ, ಅದಕ್ಕಾಗಿ ಲೋಕ ದೊಡ್ಡದಿರಬೇಕು. ಆ ದೊಡ್ಡ ಲೋಕದಲ್ಲಿ ಪ್ರತಿ ತಿರುವನ್ನೂ ಕಣ್ಣಿಟ್ಟು ನೋಡುವಂತಾಗಲು ಕಷ್ಟ ಇರಬೇಕು. ಒಂದನ್ನು ತೆಗೆದರೆ ಇನ್ನೊಂದಕ್ಕೆ ಅರ್ಥವಿಲ್ಲ. ಆಟ ದೊಡ್ಡದಾಗಿದೆ ಎಂದು ಹೊಗಳುವವರೂ ಕಷ್ಟವಾಗಿದೆ ಎಂದು ಬಯ್ಯುವವರೂ ಈ ನಂಟನ್ನು ಬಿಡಿಸಿ ನೋಡುತ್ತಾರೆ.

ಕಷ್ಟ ಎಂದರೆ ಎಂಥ ಕಷ್ಟ ಎನ್ನುವುದೂ ಮುಖ್ಯ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಿಗೆ ಅಡ್ಡ ನಿಲ್ಲುವ ಮಾರ್ಗಿಟ್ ಎಂಬವನಿದ್ದಾನೆ, ಮೈತುಂಬ ಕೊಂಬು ಮೂಡಿದ ಮುದುಕ. ಕೈಯಲ್ಲಿ ಒಂದು ದೊಣ್ಣೆ. ಅದನ್ನು ಎತ್ತುತ್ತಾನೆ, ಎತ್ತಿದವನು ಕೂಡಲೇ ಹೊಡೆಯುವುದಿಲ್ಲ. ಒಂದು ಕ್ಷಣ ತಡೆಯುತ್ತಾನೆ. ದೊಣ್ಣೆ ಮೇಲೆ ಹೋದದ್ದೇ ತಡ ನಾವು ಗಾಬರಿಯಲ್ಲಿ ಉರುಳಿ ತಪ್ಪಿಸಿಕೊಳ್ಳಲು ನೋಡುತ್ತೇವೆ. ಉರುಳಿ ಏಳುವ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತದೆ. ಅವನು ಕೊಲ್ಲುವುದು ನಮ್ಮ ಗಾಬರಿಯನ್ನೇ ಲೆಕ್ಕ ಹಾಕಿ. ಬೆರಳಿನ ವೇಗ ಇಲ್ಲಿ ಅಷ್ಟೇನೂ ನೆರವಿಗೆ ಬಾರದು. ಅವನ ಭುಜ ಯಾವಾಗ ಇಳಿಯುತ್ತದೆ ಎಂದು ನೋಡುತ್ತಾ ಕಾಯುವ ತಾಳ್ಮೆ ಬೇಕು. ಸತ್ತಾಗ ಏಕೆ ಸತ್ತೆ ಎಂಬುದು ನಮಗೆ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಯಾವ ಪ್ರಶ್ನೆಯಲ್ಲಿ ತಪ್ಪಿದೆ ಎಂದು ಹೇಳದೆ ಮನೆಗೆ ಕಳಿಸುವ ನಮ್ಮ ವ್ಯವಸ್ಥೆಗಿಂತ ಈ ಮುದುಕ ಒಳ್ಳೆಯ ಮೇಷ್ಟ್ರು ಎಂದು ನಾನು ನಂಬಿದ್ದೇನೆ.

ಇನ್ನು ನೋಟದ ಮಾತು. ಲಿಮ್‌ಗ್ರೇವ್‌ನ ಪೂರ್ವಕ್ಕೆ ಮಂಜು ಕವಿದ ಕಾಡಿದೆ, ಅದರೊಳಗೆ ಕಲ್ಲಿನ ಒಂದು ಕಟ್ಟಡ. ಒಳಗೆ ಹೋಗಿ ನಡುವಿನ ಗುಂಡಿ ಒತ್ತಿ ನಿಂತರೆ ನೆಲವೇ ಲಿಫ್ಟಾಗಿ ಕೆಳಗಿಳಿಯುತ್ತದೆ. ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಇಷ್ಟು ಹೊತ್ತಾದರೂ ತಳ ಬಾರದಲ್ಲ ಎಂದು ಅನುಮಾನ ಹುಟ್ಟಿ, ಅದು ಬೆರಗಾಗಿ, ಆಮೇಲೆ ಸಣ್ಣ ಭಯವೂ ಆಗುವಷ್ಟು ಹೊತ್ತು. ತಳ ಮುಟ್ಟಿ ಹೊರಗೆ ಬಂದರೆ ನೆಲದಡಿಯಲ್ಲಿ ಸಿಯೋಫ್ರ ಎಂಬ ನದಿ, ಕಂಬಗಳ ಸಾಲು, ಮೇಲೆ ನಕ್ಷತ್ರ ತುಂಬಿದ ಆಕಾಶ. ನಾವು ಅಲೆದಾಡಿದ ಇಡೀ ಬಯಲಿನ ಕೆಳಗೆ ಇನ್ನೊಂದು ನಾಡಿತ್ತು, ಅದರ ಸುಳಿವನ್ನು ಯಾರೂ ಕೊಟ್ಟಿರಲಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿ ಈ ಆಟದಲ್ಲಿಲ್ಲ. ಮ್ಯಾಪ್ ಕೂಡ ಮೊದಲಿಗೆ ಖಾಲಿ. ಊರೂರಿನ ದಾರಿಬದಿಯ ಕಲ್ಲುಕಂಬದ ಬುಡದಲ್ಲಿ ಅದರ ತುಂಡುಗಳನ್ನು ಹುಡುಕಿ ಕೂಡಿಸಿಕೊಳ್ಳಬೇಕು. ಹಾಗಾಗಿಯೇ ಸಿಯೋಫ್ರ ನದಿಗೆ ಇಳಿದವರು ಅದನ್ನು ತಾವೇ ಕಂಡುಹಿಡಿದೆವು ಎಂದು ಹೇಳುತ್ತಾರೆ. ಆ ಮಾತು ನಿಜವೂ ಹೌದು.

ಇಂಥ ಆಟ ಹುಟ್ಟಿದ್ದಕ್ಕೆ ಮಿಯಾಝಾಕಿಯವರ ಬದುಕಿನಲ್ಲಿ ಒಂದು ಕಾರಣ ಸಿಗುತ್ತದೆ. ಅವರು ಜಪಾನಿನ ಶಿಜುಓಕದವರು. ಬಡತನದ ಬಾಲ್ಯದಲ್ಲಿ ಪುಸ್ತಕಗಳಿಗೆ ಗ್ರಂಥಾಲಯವೇ ಗತಿಯಾಗಿತ್ತು. ತಮ್ಮ ಓದಿನ ಶಕ್ತಿಗೆ ಮೀರಿದ ಕಥೆಗಳನ್ನು ತಂದು, ತಿಳಿಯದ ಭಾಗಗಳನ್ನು ಚಿತ್ರಗಳ ನೆರವಿನಿಂದ ಊಹಿಸಿಕೊಂಡು ಓದುತ್ತಿದ್ದೆ ಎಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ದೊಡ್ಡವರಾಗಿ ಒರೇಕಲ್ ಕಂಪನಿಯಲ್ಲಿ ಕೆಲಸಕ್ಕಿದ್ದರು. 2001ರಲ್ಲಿ ಬಂದ 'ಇಕೊ' ಎಂಬ ಆಟ ಅವರ ಮನಸ್ಸನ್ನು ತಿರುಗಿಸಿತು. 29ರ ವಯಸ್ಸಿನಲ್ಲಿ, ಸಂಬಳ ಕಡಿಮೆಯಾದರೂ ಸರಿ ಎಂದು 2004ರಲ್ಲಿ ಫ್ರಮ್‌ಸಾಫ್ಟ್‌ವೇರ್ ಸೇರಿದರು. ಎಡವುತ್ತಿದ್ದ ಒಂದು ಯೋಜನೆಯನ್ನು ಕೈಗೆತ್ತಿಕೊಂಡು 2009ರಲ್ಲಿ 'ಡೆಮನ್ಸ್ ಸೋಲ್ಸ್' ಆಗಿಸಿದರು. 2011ರ 'ಡಾರ್ಕ್ ಸೋಲ್ಸ್', 2015ರ 'ಬ್ಲಡ್‌ಬೋರ್ನ್', 2019ರ 'ಸೆಕಿರೊ' ಎಲ್ಲ ಅದೇ ದಾರಿಯವು. ಇವುಗಳಲ್ಲಿ ಕಥೆಯನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಒಂದು ಕತ್ತಿಯ ವಿವರಣೆಯಲ್ಲಿ ಎರಡು ಸಾಲು, ಮುರಿದ ವಿಗ್ರಹವೊಂದರ ನಿಲುವು, ಯಾರದೋ ಹೆಣ ಬಿದ್ದಿರುವ ಜಾಗ, ಇವುಗಳಿಂದ ನಾವೇ ಜೋಡಿಸಿಕೊಳ್ಳಬೇಕು.

ತಿಳಿಯದ ಪುಟವನ್ನು ಊಹೆಯಿಂದ ತುಂಬಿಕೊಂಡು ಓದಿದವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋದವರೆಲ್ಲ ಆ ಓದನ್ನು ಬಲ್ಲರು. ಅಂಥ ಹಿನ್ನೆಲೆಯ ಹುಡುಗರು ಇವತ್ತು ಎಲ್ಡನ್ ರಿಂಗ್ ಆಡುವಾಗ ಎರಡು ಪಟ್ಟು ಊಹಿಸಬೇಕಾಗುತ್ತದೆ: ಮಿಯಾಝಾಕಿ ಬೇಕೆಂದೇ ಬಿಟ್ಟ ಖಾಲಿ ಒಂದು, ಹಳೆಯ ಶೈಲಿಯ ಇಂಗ್ಲಿಷ್ ಉಂಟುಮಾಡುವ ಖಾಲಿ ಇನ್ನೊಂದು. ಈ ಆಟದ ಬರಹ ಕೊರಿಯನ್, ಪೋಲಿಷ್, ಥಾಯ್ ಭಾಷೆಗಳಲ್ಲಿ ಸಿಗುತ್ತದೆ. ಭಾರತದ ಒಂದು ಭಾಷೆಯಲ್ಲೂ ಇಲ್ಲ. ಮೊದಲ ಖಾಲಿ ಕಲೆ, ಎರಡನೆಯದು ಅನ್ಯಾಯ. ಕನ್ನಡದಲ್ಲಿ ಈ ಬರಹವನ್ನು ತರಬಲ್ಲವರು ನಮ್ಮ ವಿಶ್ವವಿದ್ಯಾಲಯಗಳಲ್ಲೇ ಇದ್ದಾರೆ, ಅವರನ್ನು ಕೇಳುವವರಿಲ್ಲ.

ಉದ್ದವಾದದ್ದು, ಕಷ್ಟವಾದದ್ದು ನಮಗೆ ಹೊಸದಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅದರ ಕಾಡುದಾರಿಗಳೂ ನೂರಾರು ಜನರೂ ಎಷ್ಟು ಓದುಗರನ್ನು ಮೊದಲ ಪುಟಗಳಲ್ಲೇ ದಾರಿ ತಪ್ಪಿಸಿಲ್ಲ! 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ಅದನ್ನು ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಯ ನಾಟಕವಾಗಿ ಆಡಿಸಿದಾಗ ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂತಿದ್ದರು. ಅದು ದಂಡದ ಸಮಯ ಎಂದು ಯಾರೂ ಅನ್ನಲಿಲ್ಲ. ಆದರೆ ಅಲ್ಲಿ ಜನ ಒಟ್ಟಿಗೆ ಕೂತಿದ್ದರು, ಆಟ ಆಡುವವನು ಕೋಣೆಯಲ್ಲಿ ಒಬ್ಬನೇ ಅಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಆಕ್ಷೇಪ.

ಪೂರ್ತಿ ಒಬ್ಬನೇ ಅಲ್ಲ. ಈ ಆಟದಲ್ಲಿ ನೆಲದ ಮೇಲೆ ಸಣ್ಣ ಸಂದೇಶಗಳನ್ನು ಬಿಟ್ಟುಹೋಗಬಹುದು. ಮನಸ್ಸಿಗೆ ಬಂದದ್ದನ್ನು ಬರೆಯಲಾಗದು, ಆಟ ಕೊಟ್ಟ ಪದಗಳನ್ನೇ ಜೋಡಿಸಬೇಕು. ಮುಂದೆ ಹೊಂಚುದಾಳಿ ಇದೆ, ಇಲ್ಲಿ ಗುಪ್ತ ದಾರಿ ಇದೆ, ಇಂಥವು. ಇಲ್ಲದ ಗುಪ್ತ ದಾರಿಯನ್ನು ತೋರಿಸುವ ತರಲೆಗಳೂ ಇರುತ್ತವೆ. ನಾನು ಬಿಟ್ಟ ಸಂದೇಶ ಉಪಯೋಗವಾಯಿತೆಂದು ಬೇರೊಂದು ದೇಶದಲ್ಲಿ ಯಾರೋ ಗುರುತು ಒತ್ತಿದರೆ, ಆ ಕ್ಷಣ ಇಲ್ಲಿ ನನ್ನ ಪಾತ್ರದ ಗಾಯ ಮಾಯುತ್ತದೆ. ಸಾಯುವ ಅಂಚಿನಲ್ಲಿದ್ದಾಗ ಹೀಗೆ ಗುರುತಿಲ್ಲದವರು ಉಳಿಸಿಬಿಡುತ್ತಾರೆ. ಈ ಏರ್ಪಾಟಿನ ಬೇರು ಕೂಡ ಮಿಯಾಝಾಕಿ ಕಂಡ ಒಂದು ಘಟನೆಯಲ್ಲಿದೆ. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಸಾಲಾಗಿ ಸಿಕ್ಕಿಕೊಂಡಿದ್ದವು. ಹಿಂದಿನ ಕಾರು ಮುಂದಿನದನ್ನು ತಳ್ಳುತ್ತಾ ಹೋಗಿ ಮಿಯಾಝಾಕಿಯವರ ಕಾರೂ ಗುಡ್ಡ ಹತ್ತಿತು. ತಮ್ಮನ್ನು ತಳ್ಳಿದವರು ಯಾರು, ಹಿಂದಿನವರು ಹತ್ತಿದರೋ ಇಲ್ಲವೋ ಎಂದು ನೋಡಲು ನಿಂತರೆ ಮತ್ತೆ ಸಿಕ್ಕಿಕೊಳ್ಳುವ ಭಯದಿಂದ ಅವರಿಗೆ ನಿಲ್ಲಲಾಗಲಿಲ್ಲ. ಇದೇ ಆಟದಲ್ಲಿ ಮಲೇನಿಯ ಎಂಬ ಯೋಧೆ ಬಹಳ ಜನರನ್ನು ಸೋಲಿಸಿ ಸುಸ್ತು ಮಾಡಿದ್ದಳು. ಆಗ ತಲೆಗೊಂದು ಮಡಕೆ ಕವುಚಿಕೊಂಡು, ಮೈಮೇಲೆ ಕೌಪೀನವಷ್ಟೇ ಉಟ್ಟು 'ಲೆಟ್ ಮಿ ಸೋಲೋ ಹರ್' ಎಂಬ ಹೆಸರಿನ ಆಟಗಾರ ಕರೆದವರ ನೆರವಿಗೆ ಹೋಗಿ ಒಬ್ಬನೇ ಅವಳನ್ನು ಎದುರಿಸತೊಡಗಿದ. ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಗೆದ್ದುಕೊಟ್ಟ. ಆಟದ ಪ್ರಕಾಶಕರು ಅವನಿಗೆ ಒಂದು ಕತ್ತಿಯನ್ನು ಉಡುಗೊರೆಯಾಗಿ ಕಳಿಸಿದರು.

ಈಗ ಸಮಯ ದಂಡವಾಗುವ ಆಟಗಳ ಬಗ್ಗೆ. ಅವು ಕಡಿಮೆಯಿಲ್ಲ, ಹೆಚ್ಚು ಹೇಳಬೇಕಾಗಿಯೂ ಇಲ್ಲ. ಗೋಪುರ ಹತ್ತು, ಮ್ಯಾಪ್ ತುಂಬ ಚಿಹ್ನೆಗಳು ಮೂಡುತ್ತವೆ, ಒಂದೊಂದರ ಬಳಿಗೂ ಹೋಗಿ ಬಾ, ಚಿಹ್ನೆ ಅಳಿಸು. ಇದು ಆಟದ ವೇಷದ ಗುಮಾಸ್ತಿಕೆ. 2018ರ 'ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ'ಯಲ್ಲಿ ಪುರಾತನ ಗ್ರೀಸನ್ನು ಎಷ್ಟು ಪ್ರೀತಿಯಿಂದ ಕಟ್ಟಿದ್ದಾರೆ ಎಂಬುದನ್ನು ನಾನು ಮೆಚ್ಚುತ್ತೇನೆ. ಆದರೆ ಅನುಭವದ ಅಂಕಗಳು ಬೇಗ ಕೂಡುವಂತೆ ಮಾಡುವ ಸವಲತ್ತನ್ನು ಅದೇ ಆಟದ ಅಂಗಡಿಯಲ್ಲಿ ಬೇರೆ ದುಡ್ಡಿಗೆ ಮಾರಾಟಕ್ಕಿಟ್ಟಿದ್ದರು. ಬೇಗ ದಾಟಿಬಿಡಲು ಜನ ದುಡ್ಡು ಕೊಡುತ್ತಾರೆ ಎಂದು ತಯಾರಕರಿಗೇ ಅನ್ನಿಸಿದ ಗಂಟೆಗಳನ್ನು ನಾವೇಕೆ ಆಡಬೇಕು? ಮೊಬೈಲಿನಲ್ಲಿ ದಿನಾ ಬಂದರೆ ದಿನಾ ಬಹುಮಾನ ಎಂದು ಕಾಯಿಸುವ ಆಟಗಳದು ಇನ್ನೂ ಕೆಟ್ಟ ಚಾಳಿ. ಎಲ್ಡನ್ ರಿಂಗ್ ಒಮ್ಮೆ ಕೊಂಡರೆ ಮುಗಿಯಿತು. ಒಂದು ವಾರ ಬಿಟ್ಟು ಬಂದರೂ ನಮ್ಮದೇನೂ ನಷ್ಟವಾಗಿರುವುದಿಲ್ಲ.

ಚಟದ ಭಯ ಹುಸಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂತು, ಗೇಮಿಂಗ್ ವ್ಯಸನ ಅದರಲ್ಲಿದೆ. ಅಲ್ಲಿ ಗಂಟೆಗಳ ಮಿತಿ ಇಲ್ಲ ಎಂಬುದನ್ನು ಪೋಷಕರು ಗಮನಿಸಬೇಕು. ಆಟದ ಮೇಲೆ ಹತೋಟಿ ತಪ್ಪಿದೆಯೇ, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗಿದೆಯೇ, ಹಾನಿಯಾಗುತ್ತಿದ್ದರೂ ಮುಂದುವರಿದಿದೆಯೇ, ಸಾಮಾನ್ಯವಾಗಿ ವರ್ಷವಿಡೀ ಹೀಗಿದೆಯೇ ಎಂದು ನೋಡುತ್ತಾರೆ. ಹಾಗಿದ್ದರೆ ಬಯ್ಯುತ್ತಾ ಕೂರಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥ ವ್ಯಸನಗಳಿಗೆಂದೇ ಶಟ್ ಕ್ಲಿನಿಕ್ ಇದೆ.

ಅಂಗವಿಕಲರ ಪ್ರಶ್ನೆಯಲ್ಲಿ ನಾನು ಮಿಯಾಝಾಕಿಯವರ ಪಕ್ಷದಲ್ಲಿಲ್ಲ. ಎಲ್ಲರೂ ಒಂದೇ ಕಷ್ಟವನ್ನು ಹಂಚಿಕೊಂಡಾಗ ಗೆಲುವಿಗೆ ಬೆಲೆ ಬರುತ್ತದೆ ಎಂಬ ಅವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದು ಒಂದೇ ಕಷ್ಟವಲ್ಲ. 2018ರ 'ಸೆಲೆಸ್ಟ್' ಎಂಬ ಬೆಟ್ಟ ಹತ್ತುವ ಆಟ ಭಾರಿ ಕಷ್ಟದ್ದೇ. ಬೇಕಾದವರು ಅದರ ವೇಗವನ್ನು ತಗ್ಗಿಸಿಕೊಳ್ಳಬಹುದು, ಅದರಿಂದ ಉಳಿದವರ ಗೆಲುವಿಗೆ ಕುಂದೇನೂ ಬಂದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಎಲ್ಡನ್ ರಿಂಗ್‌ನಲ್ಲಿ ಸಲೀಸಾಗಿ ಒತ್ತಿಬಿಡುವಂಥ ಪಾಝ್ ಗುಂಡಿ ಇಲ್ಲ. ಮಾರ್ಗಿಟ್ ದೊಣ್ಣೆ ಎತ್ತಿದ ಹೊತ್ತಿಗೆ ಕುಕ್ಕರ್ ಮೂರನೇ ಸೀಟಿ ಹೊಡೆದರೆ, ಮಗು ಎದ್ದು ಅತ್ತರೆ, ಮಾವನವರು ಮಾತ್ರೆ ಕೇಳಿದರೆ, ಆಟ ಹೋಯಿತೆಂದೇ ಲೆಕ್ಕ. ಯಾರೂ ನಡುವೆ ಕರೆಯದ ಮನುಷ್ಯನನ್ನು ನೆನೆದು ಮಾಡಿದ ಆಟ ಇದು. ನಮ್ಮ ಮನೆಗಳಲ್ಲಿ ಅಂಥ ಮನುಷ್ಯ ಯಾರು? ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಗಂಡಸಿನ ನೂರು ಗಂಟೆಯ ಆಟದ ಹಿಂದೆ ಬಹಳ ಸಲ ಒಬ್ಬ ಹೆಂಗಸಿನ ದುಡಿಮೆ ಇರುತ್ತದೆ. ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಆಡುವವನು ತನ್ನ ಪಾಲಿನ ಪಾತ್ರೆ ತೊಳೆದು ಕೂತಿದ್ದಾನೆಯೇ ಎಂದು ಕೇಳಬೇಕು. ಅವಳೂ ಆಡಬೇಕು ಎಂದರೆ ಮಗುವನ್ನು ಎತ್ತಿಕೊಳ್ಳುವ ಸರದಿ ಅವನದು.

ಮಾಡುವವರ ಸಮಯವನ್ನೂ ಇದರ ಜೊತೆಗೇ ಇಟ್ಟು ನೋಡಬೇಕು. 2018ರಲ್ಲಿ 'ರೆಡ್ ಡೆಡ್ ರಿಡೆಂಪ್ಶನ್ 2' ಹೊರಬರುವ ಮುನ್ನ ಅದರ ತಯಾರಕ ಸಂಸ್ಥೆ ರಾಕ್‌ಸ್ಟಾರ್‌ನ ಡ್ಯಾನ್ ಹೌಸರ್ ವಾರಕ್ಕೆ 100 ಗಂಟೆ ದುಡಿದೆವು ಎಂದು ಹೇಳಿದ್ದು ಗದ್ದಲ ಎಬ್ಬಿಸಿತು. ಬರವಣಿಗೆಯ ಕೆಲವರಷ್ಟೇ, ಕೆಲವು ವಾರವಷ್ಟೇ ಎಂದು ಆಮೇಲೆ ವಿವರಿಸಿದರೂ, ಈ ಉದ್ಯಮದ ಅತಿದುಡಿಮೆಯ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಆ ಆಟದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದವರ ಕೈಯೂ ಇದೆ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ 2019ರಲ್ಲಿ ಸೇರಿದ್ದೂ ಅದೇ ಸಂಸ್ಥೆಗೆ. ಹುಲ್ಲಿನ ಒಂದೊಂದು ಎಸಳನ್ನೂ ಕೂರಿಸುವವರಲ್ಲಿ ನಮ್ಮ ಹುಡುಗ ಹುಡುಗಿಯರಿದ್ದಾರೆ. ಆಟ ಇನ್ನಷ್ಟು ದೊಡ್ಡದಾಗಲಿ ಎಂದು ಹಟ ಹಿಡಿಯುವಾಗ ಆ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೆನೆಯಬೇಕು.

ದೊಡ್ಡದಾದದ್ದೆಲ್ಲ ಎಲ್ಡನ್ ರಿಂಗ್‌ನಲ್ಲೂ ಸಮನಾಗಿ ಚೆನ್ನಾಗಿಲ್ಲ. ಮೊದಮೊದಲು ಮೈ ನವಿರೇಳಿಸಿದ ಸುರಂಗಗಳು ನಲವತ್ತನೇ ಗಂಟೆಯ ನಂತರ ಒಂದನ್ನೊಂದು ಹೋಲತೊಡಗುತ್ತವೆ. ಒಮ್ಮೆ ಗೆದ್ದ ಎದುರಾಳಿಯೇ ಬೇರೆ ಕಡೆ ಮತ್ತೆ ನಿಂತಿರುತ್ತಾನೆ. ರಾಜಧಾನಿ ಲೇಂಡೆಲ್ ಮುಗಿದ ಮೇಲಿನ ಹಿಮಬೆಟ್ಟದ ಸೀಮೆ ಖಾಲಿ ಖಾಲಿ, ಅಲ್ಲಿ ಕಷ್ಟ ಏರುತ್ತದೆ, ನೋಡುವುದಕ್ಕೆ ಮಾತ್ರ ಕಡಿಮೆ. ಲೇಂಡೆಲ್‌ನವರೆಗೆ ಆಡಿ ಅಲ್ಲಿಗೆ ಬಿಟ್ಟುಬಿಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಮುಗಿಸಲೇಬೇಕೆಂಬ ಹರಕೆ ಯಾರೂ ಹೊತ್ತಿಲ್ಲ.

ಸಮಯವೇ ತೊಂದರೆಯಾದರೆ ಅದನ್ನು ಕುಗ್ಗಿಸಿದರಾಯಿತಲ್ಲ ಎಂದು ತಯಾರಕರಿಗೂ ಹೊಳೆದಿರಬೇಕು. 2025ರ ಮೇ 30ರಂದು 'ಎಲ್ಡನ್ ರಿಂಗ್ ನೈಟ್‌ರೇನ್' ಬಂತು. ಮೂವರು ಜೊತೆಯಾಗಿ ಆಡುವ ಆಟ. ಹಳೆಯ ಲೋಕದ ಎದುರಾಳಿಗಳು, ಆಯುಧಗಳು, ಪಾಳು ಕೋಟೆಗಳನ್ನು ಒಂದು ಚಿಕ್ಕ ನಾಡಿನಲ್ಲಿ ಒತ್ತಿ ತುಂಬಿದ್ದಾರೆ. ಆಟದೊಳಗಿನ ಮೂರು ದಿನ, ನಮ್ಮ ಗಡಿಯಾರದಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ಕಷ್ಟಕ್ಕೆ ಕೊರತೆಯಿಲ್ಲ, ಗೆದ್ದಾಗ ಖುಷಿಯೂ ಆಗುತ್ತದೆ. ಆದರೆ ಕೊಲ್ಲುವ ಮಳೆಯೊಂದು ನಾಡಿನ ಅಂಚಿನಿಂದ ಒಳಗೆ ಕವಿಯುತ್ತಾ ಬರುವುದರಿಂದ ಆಟವಿಡೀ ಓಟ. ಟ್ರೀ ಸೆಂಟಿನೆಲ್‌ನನ್ನು ಬಿಟ್ಟು ಬೇರೆ ದಿಕ್ಕಿಗೆ ಹೋಗಿ ಬಲಿತು ಬರಲು ಬೇಕಾದ ಪುರುಸೊತ್ತು, ಲಿಫ್ಟಿನಲ್ಲಿ ಇಳಿಯುತ್ತಾ ಬೆರಗಾಗುವ ಪುರುಸೊತ್ತು ಅಲ್ಲಿಲ್ಲ. ಮುಕ್ಕಾಲು ಗಂಟೆ ಬಿಡುವಿದ್ದ ಸಂಜೆ ನಾನು ಅದನ್ನು ತೆರೆಯುವುದಿಲ್ಲ. ಹಳೆಯ ಆಟವನ್ನೇ ತೆರೆದು, ಕುದುರೆ ಏರಿ, ಇನ್ನೂ ನೋಡದ ಒಂದು ಕಣಿವೆಯ ಕಡೆ ಹೋಗುತ್ತೇನೆ. ಯಾವ ಎದುರಾಳಿಯನ್ನೂ ಸೋಲಿಸದೆ ನಿಲ್ಲಿಸಿದರೂ ನನಗೆ ಆ ಮುಕ್ಕಾಲು ಗಂಟೆ ಹೆಚ್ಚಿನದು.